ಗಡಿನಾಡಿನಲ್ಲಿ ಮಾಸ್ಟ್ರಿಗೂ ಪಾಠ

ಮಂಗಳೂರಿನಿಂದ ಕಾಸರಗೋಡಿಗೆ ಹೊರಟ ಬಸ್ಸು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ಕೋಟೆಕಾರುಗಳನ್ನು ಹಿಂದೆ ಬಿಟ್ಟು ತಲಪಾಡಿ ತಲುಪುವಷ್ಟರಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗಿರುತ್ತದೆ. ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಅದೇ ತೆಂಗು, ಅದೇ ಅಡಿಕೆ ತೋಟ, ಅದೇ ಕೆಂಪುಕಲ್ಲಿನ ಪಾಗಾರ. ಬದಲಾಗುವುದು ಅಂಗಡಿ ಬೋರ್ಡುಗಳ ಲಿಪಿ ಮಾತ್ರ. ಬಸ್ಸಿನೊಳಗೆ ಒಬ್ಬರು ತುಳುವಿನಲ್ಲಿ ಟಿಕೇಟು ಕೇಳಿದರೆ ಕಂಡಕ್ಟರು ಮಲಯಾಳದಲ್ಲಿ ಚಿಲ್ಲರೆ ಕೇಳುತ್ತಾನೆ. ಹಿಂದಿನ ಸೀಟಿನಲ್ಲಿ ಕನ್ನಡ, ಮುಂದಿನ ಸೀಟಿನಲ್ಲಿ ಬ್ಯಾರಿ, ನಡುವೆ ಎಲ್ಲೋ ಕೊಂಕಣಿ. ‘ಸಪ್ತಭಾಷಾ ಸಂಗಮ ಭೂಮಿ’ ಎಂದು ಈ ನಾಡನ್ನು ಕರೆಯುವುದು ಸುಮ್ಮನೆ ಅಲ್ಲ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಿದೆ. ಉಪ್ಪಳ, ಕುಂಬಳೆ, ಮೊಗ್ರಾಲು ದಾಟಿದರೆ ಕಾಸರಗೋಡು ಪೇಟೆ. ಅಲ್ಲಿಂದ ಒಳನಾಡಿಗೆ ಹೋದರೆ ಬದಿಯಡ್ಕದ ಹತ್ತಿರ ಪೆರಡಾಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದ ಊರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ದಕ್ಷಿಣ ಕನ್ನಡದ ತಾಲ್ಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ಬದಲಾದರೂ ಕನ್ನಡ ಮಾಧ್ಯಮದ ಶಾಲೆಗಳು ಉಳಿದವು. ಕೇರಳದ ಪಠ್ಯಕ್ರಮ, ಕನ್ನಡದ ಪುಸ್ತಕ; ಇದು ಇಲ್ಲಿನ ಶಾಲೆಗಳ ವಿಶೇಷ.

ಈ ನಾಡಿಗೆ ಬರುವವರು ಬೇಕಲದ ಕೋಟೆ ನೋಡುತ್ತಾರೆ, ಅನಂತಪುರದ ಸರೋವರ ದೇವಾಲಯ ನೋಡುತ್ತಾರೆ. ಶಾಲೆ ನೋಡಲು ಯಾರೂ ಬರುವುದಿಲ್ಲ. ಆದರೆ ಕಂಪ್ಯೂಟರ್ ತರಗತಿಯ ಒಳಕ್ಕೆ ಹೇಗೆ ಬರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಊರಿನ ಶಾಲೆಗಳನ್ನೂ ಒಮ್ಮೆ ನೋಡಬೇಕು.

ಬೀಗದೊಳಗಿನ ಯಂತ್ರ

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಹೊಸದೇನಲ್ಲ. 1984-85ರಲ್ಲಿಯೇ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿ, ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಪ್ರೌಢಶಾಲೆಗಳಿಗೆ ಹಂಚಿತು. ಆ ಯಂತ್ರದ ಸಾಮಾನ್ಯ ಮಾದರಿಯ ಸ್ಮರಣ ಸಾಮರ್ಥ್ಯ 32 ಕಿಲೋಬೈಟು. ಇಂದಿನ ಮೊಬೈಲು ತೆಗೆಯುವ ಒಂದು ಫೋಟೋಕ್ಕೂ ಅದು ಸಾಲದು.

ಯಂತ್ರ ಚಿಕ್ಕದಾದದ್ದು ದೊಡ್ಡ ಕೊರತೆಯಾಗಿರಲಿಲ್ಲ. ಶಾಲೆಗೆ ಬಂದ ಯಂತ್ರಗಳ ಸಂಖ್ಯೆ ಕಡಿಮೆ, ಪಾಠದ ಸಾಮಗ್ರಿ ಇಂಗ್ಲಿಷಿನಲ್ಲಿ, ಅಧ್ಯಾಪಕರಿಗೆ ಸಿಕ್ಕ ತರಬೇತಿ ಅಲ್ಪ. ‘ಕೆಟ್ಟುಹೋದರೆ ಯಾರು ಹೊಣೆ?’ ಎಂಬ ಭಯ ಬೇರೆ. ಹೀಗಾಗಿ ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಯೆಂದರೆ ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಂತು ನೋಡಿಬರುವ ಗರ್ಭಗುಡಿಯಾಯಿತು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿ. ಗಣಿತ, ವಿಜ್ಞಾನದ ಪಾಠ ಮೊದಲಿನಂತೆ ಕರಿಹಲಗೆಯ ಮೇಲೆ. ಅಧ್ಯಾಪಕನ ಕೈ ಪಳಗದೆ ಯಂತ್ರ ಎಷ್ಟು ಬಂದರೂ ಪಾಠ ಬದಲಾಗುವುದಿಲ್ಲ ಎಂಬ ಸತ್ಯ ಆಗ ತಿಳಿಯಿತು.

ಉಡುಪಿಯ ವಿಜ್ಞಾನಿ, ಕೇರಳದ ಶಾಲೆ

ಕೇರಳ ಈ ಸತ್ಯವನ್ನು ಗಂಭೀರವಾಗಿ ತೆಗೆದುಕೊಂಡಿತು. ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ ಹೇಗಿರಬೇಕೆಂದು ಸಲಹೆ ನೀಡಲು ಅಲ್ಲಿನ ಸರ್ಕಾರ ನೇಮಿಸಿದ ಕಾರ್ಯಪಡೆಯ ಅಧ್ಯಕ್ಷರು ಪ್ರೊ. ಯು. ಆರ್. ರಾವ್. ಉಡುಪಿ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, ನಮ್ಮ ಮೊದಲ ಉಪಗ್ರಹ ‘ಆರ್ಯಭಟ’ವನ್ನು ರೂಪಿಸಿದ ತಂಡದ ಮುಖ್ಯಸ್ಥರಾಗಿ, ಮುಂದೆ ಇಸ್ರೋ ಅಧ್ಯಕ್ಷರಾದವರು ಇವರೇ. ಆ ಕಾರ್ಯಪಡೆಯ ವರದಿಯ ಆಧಾರದಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭವಾಯಿತು.

ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಮಾಹಿತಿ ತಂತ್ರಜ್ಞಾನ ಒಂದು ಕಡ್ಡಾಯ ವಿಷಯವೇ ಆಯಿತು. 2005ರ ಜುಲೈಯಲ್ಲಿ ಆಗಿನ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ‘ವಿಕ್ಟರ್ಸ್’ ಎಂಬ ಶೈಕ್ಷಣಿಕ ವಾಹಿನಿಯನ್ನು ಉದ್ಘಾಟಿಸಿದರು. 2017ರಲ್ಲಿ ಯೋಜನೆ ‘ಕೈಟ್’ ಎಂಬ ಹೆಸರಿನ ಸರ್ಕಾರಿ ಕಂಪನಿಯಾಯಿತು. 8ರಿಂದ 12ನೆಯ ತರಗತಿವರೆಗಿನ 45,000 ಕೊಠಡಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದವು. ಕಂಪ್ಯೂಟರ್ ಬೀಗದ ಕೋಣೆಯಿಂದ ಹೊರಬಂದು ಕರಿಹಲಗೆಯ ಪಕ್ಕ ನಿಂತಿತು.

ಮಾಸ್ಟ್ರಿಗೆ ಮಾಸ್ಟ್ರೇ ಗುರು

ಈ ವ್ಯವಸ್ಥೆಯ ಜೀವಾಳ ಇರುವುದು ಯಂತ್ರಗಳಲ್ಲಿ ಅಲ್ಲ, ತರಬೇತಿಯ ಕ್ರಮದಲ್ಲಿ. ಕಂಪನಿಯಿಂದ ಟೈ ಕಟ್ಟಿಕೊಂಡು ಬಂದ ತಂತ್ರಜ್ಞ ಇಲ್ಲಿ ಗುರುವಲ್ಲ. ಶಾಲೆಗಳಲ್ಲಿ ಗಣಿತ, ವಿಜ್ಞಾನ, ಭಾಷೆ ಕಲಿಸುತ್ತಿದ್ದ ಅಧ್ಯಾಪಕರನ್ನೇ ಆರಿಸಿ ‘ಮಾಸ್ಟರ್ ಟ್ರೈನರ್’ ಮಾಡಿದರು. ಪ್ರತಿ ಪ್ರೌಢಶಾಲೆಯಲ್ಲೂ ಒಬ್ಬ ಅಧ್ಯಾಪಕ ಐಟಿ ಸಂಯೋಜಕ. ಬೇಸಗೆ ರಜೆ ಬಂತೆಂದರೆ ಮಕ್ಕಳು ಮಾವಿನ ಮರದ ಕೆಳಗೆ, ಮಾಸ್ಟ್ರುಗಳು, ಟೀಚರುಗಳು ತರಬೇತಿಯ ಬೆಂಚಿನ ಮೇಲೆ.

ಇಪ್ಪತ್ತೈದು ವರ್ಷ ಪಾಠ ಹೇಳಿದವರು ಮತ್ತೆ ವಿದ್ಯಾರ್ಥಿಯಾಗಿ ಕೂರುವುದು ಸುಲಭದ ಮಾತಲ್ಲ. ಮೌಸು ಹಿಡಿದ ಕೈ ನಡುಗುತ್ತದೆ. ತೆರೆಯ ಮೇಲಿನ ಬಾಣ ತಾನು ಹೇಳಿದಲ್ಲಿಗೆ ಹೋಗುವುದಿಲ್ಲ. ಅರ್ಧ ಗಂಟೆ ಕಷ್ಟಪಟ್ಟು ಬರೆದದ್ದು ಉಳಿಸಲು ಮರೆತು ಮಾಯವಾಗುತ್ತದೆ. ಪಕ್ಕದ ಬೆಂಚಿನಲ್ಲಿ ಕೂತ ಎಳೆಯ ಸಹೋದ್ಯೋಗಿಯನ್ನು ಕೇಳಲು ಸಂಕೋಚ. ಇಂಥ ಸಂಕೋಚ ಇನ್ನೊಬ್ಬ ಅಧ್ಯಾಪಕನಿಗೆ ಅರ್ಥವಾಗುವಂತೆ ತಂತ್ರಜ್ಞನಿಗೆ ಆಗುವುದಿಲ್ಲ. ‘ನಾನೂ ಮೊದಲ ದಿನ ಹೀಗೇ ಮಾಡಿದ್ದೆ ಮಾಸ್ಟ್ರೇ’ ಎಂಬ ಒಂದು ಮಾತು ನೂರು ಪುಟದ ಕೈಪಿಡಿಗಿಂತ ದೊಡ್ಡದು. ತಾನು ತಪ್ಪು ಮಾಡಿ ಕಲಿತ ಅಧ್ಯಾಪಕ ಜೂನ್ ತಿಂಗಳಲ್ಲಿ ತರಗತಿಗೆ ಮರಳಿದಾಗ, ತಪ್ಪು ಮಾಡುವ ಮಗುವನ್ನು ನೋಡುವ ರೀತಿಯೂ ಸ್ವಲ್ಪ ಬದಲಾಗುತ್ತದೆ.

2018ರಲ್ಲಿ ಇದಕ್ಕೆ ಇನ್ನೊಂದು ತಿರುವು ಬಂತು. ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳು ಪ್ರೌಢಶಾಲೆಗಳಲ್ಲಿ ಹುಟ್ಟಿಕೊಂಡವು. ಪ್ರೊಜೆಕ್ಟರು ಮೊಂಡಾಟ ಮಾಡಿದರೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಸರಿಮಾಡಬಲ್ಲಳು. ಅಧ್ಯಾಪಕರ ಗೌರವ ಅದರಿಂದ ಕಡಿಮೆಯಾಗುವುದಿಲ್ಲ.

ಅರ್ಧವೃತ್ತದ ಪಾಠ

ತರಬೇತಿಯಲ್ಲಿ ಕಲಿಯಬೇಕಾದ್ದು ಗುಂಡಿ ಒತ್ತುವುದನ್ನಷ್ಟೇ ಅಲ್ಲ. ಯಾವಾಗ ಒತ್ತಬೇಕು, ಯಾವಾಗ ಒತ್ತಬಾರದು ಎಂಬುದೇ ಮುಖ್ಯ ವಿದ್ಯೆ.

ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ‘ಜಿಯೋಜೀಬ್ರಾ’ ಎಂಬ ಉಚಿತ ತಂತ್ರಾಂಶವನ್ನೇ ತೆಗೆದುಕೊಳ್ಳಬಹುದು. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆರಂಭಿಸಿದ ಕೆಲಸವಿದು. ‘ಅರ್ಧವೃತ್ತದಲ್ಲಿನ ಕೋನ ಲಂಬಕೋನ’ ಎಂಬುದನ್ನು ಮಕ್ಕಳು ತಲೆಮಾರುಗಳಿಂದ ಬಾಯಿಪಾಠ ಮಾಡಿದ್ದಾರೆ. ತೆರೆಯ ಮೇಲೆ ವ್ಯಾಸ ಎಳೆದು, ವೃತ್ತದ ಮೇಲೊಂದು ಬಿಂದು ಇಟ್ಟು, ಮೂರು ಬಿಂದುಗಳನ್ನು ಸೇರಿಸಿದರೆ ಕೋನ 90 ಡಿಗ್ರಿ ಎಂದು ಯಂತ್ರ ತೋರಿಸುತ್ತದೆ. ಆತುರದ ಅಧ್ಯಾಪಕ ಇಲ್ಲಿಗೇ ನಿಲ್ಲಿಸುತ್ತಾನೆ. ಆಗ ಅದು ಬಣ್ಣದ ಕರಿಹಲಗೆ ಅಷ್ಟೆ.

ಪಳಗಿದ ಅಧ್ಯಾಪಕ ಬಿಂದುವನ್ನು ಸರಿಸುವ ಮೊದಲು ಕೈ ತಡೆಯುತ್ತಾನೆ. ‘ಈಗ ಇದನ್ನು ವೃತ್ತದ ಮೇಲೆಯೇ ಎಡಕ್ಕೆ ಜರುಗಿಸುತ್ತೇನೆ. ಕೋನ ಹೆಚ್ಚಾದೀತೋ ಕಡಿಮೆಯಾದೀತೋ?’ ಎಂದು ಕೇಳುತ್ತಾನೆ. ಅರ್ಧ ತರಗತಿ ಹೆಚ್ಚು ಎನ್ನುತ್ತದೆ, ಅರ್ಧ ಕಡಿಮೆ ಎನ್ನುತ್ತದೆ. ಬಿಂದು ಜರುಗುತ್ತದೆ, ಕೋನ 90ರಲ್ಲೇ ನಿಂತಿರುತ್ತದೆ. ಬಿಂದುವನ್ನು ವೃತ್ತದ ಒಳಕ್ಕೆ ತಂದರೆ ಕೋನ 90ಕ್ಕಿಂತ ಹೆಚ್ಚುತ್ತದೆ, ಹೊರಕ್ಕೆ ಒಯ್ದರೆ ತಗ್ಗುತ್ತದೆ. ಆಗ ‘ಯಾಕೆ ಹೀಗೆ?’ ಎಂಬ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುತ್ತದೆ. ಸಾಧನೆಯನ್ನು ಬರೆಯಲು ಮತ್ತೆ ಸೀಮೆಸುಣ್ಣವೇ ಬೇಕು. ಆದರೆ ಬರೆಯುವ ಹಸಿವು ಈಗ ಹುಟ್ಟಿದೆ.

ಹಾಗೆಯೇ ಬೇಡದ ಕಡೆ ಯಂತ್ರವನ್ನು ಮುಚ್ಚಿಡುವುದೂ ಕಲಿಯಬೇಕಾದ ವಿದ್ಯೆ. ಹುಣಸೆ ರಸದಲ್ಲಿ ಲಿಟ್ಮಸ್ ಕಾಗದ ಕೆಂಪಾಗುವುದನ್ನು ತೆರೆಯ ಮೇಲೆ ತೋರಿಸುವುದು ಊಟದ ಚಿತ್ರ ತೋರಿಸಿದ ಹಾಗೆ. ಕಣ್ಣಿಗೆ ಕಾಣದ ಅಣು, ಕೈಗೆ ಸಿಗದ ಗ್ರಹ, ನಿಮಿಷಗಳಲ್ಲಿ ನಡೆಯದ ಬದಲಾವಣೆ: ಇಲ್ಲೆಲ್ಲ ಯಂತ್ರ ಬೇಕು. ಕೈಯಲ್ಲಿ ಮಾಡಬಹುದಾದ್ದನ್ನು ಕೈಯಲ್ಲೇ ಮಾಡಬೇಕು.

ಭಾಷೆಯ ಮಾತು

ಗಡಿನಾಡಿನ ಅಧ್ಯಾಪಕರಿಗೆ ಇನ್ನೊಂದು ಕಷ್ಟವಿದೆ. ತರಬೇತಿ ಮಲಯಾಳದಲ್ಲಿ, ಆಜ್ಞೆಗಳು ಇಂಗ್ಲಿಷಿನಲ್ಲಿ, ಪಾಠ ಮಾಡಬೇಕಾದ್ದು ಕನ್ನಡದಲ್ಲಿ ಎಂದಾದರೆ ಮೂರು ಹೊಳೆ ದಾಟಿದ ಹಾಗೆ. ಕೇರಳದ ಐಟಿ ಪಠ್ಯಪುಸ್ತಕಗಳು ಕನ್ನಡದಲ್ಲೂ ಅಚ್ಚಾಗುವುದು, ಕನ್ನಡ ಬಲ್ಲ ಅಧ್ಯಾಪಕರು ಇಲ್ಲಿ ತರಬೇತಿ ಕೊಡುವುದು ಈ ಕಾರಣಕ್ಕೆ ದೊಡ್ಡ ಸಂಗತಿ. ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಬಳಸುವುದರಿಂದಲೂ ಅನುಕೂಲವಾಗಿದೆ. ಅದನ್ನು ತಿದ್ದಲು, ಅನುವಾದಿಸಲು, ಹಂಚಲು ಯಾರ ಅಪ್ಪಣೆಯೂ ಬೇಡ. ಪರವಾನಗಿ ಶುಲ್ಕವೂ ಇಲ್ಲ.

ಆದರೂ ಎಲ್ಲ ಸರಿಯಾಗಿದೆ ಎನ್ನುವಂತಿಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕವಾಗಿ, ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದುಂಟು. ಮಗುವಿನ ಭಾಷೆ ತಿಳಿಯದ ಕಡೆ ಯಾವ ಯಂತ್ರವೂ ಸೇತುವೆಯಾಗಲಾರದು. 2020ರ ಜೂನ್ 1ರಂದು, ಕೊರೊನಾ ಕಾಲದಲ್ಲಿ ವಿಕ್ಟರ್ಸ್ ವಾಹಿನಿಯಲ್ಲಿ ಪಾಠಗಳು ಶುರುವಾದಾಗ, ಕನ್ನಡದ ಪಾಠಗಳೂ ಬೇಕಾದವು. ಅವನ್ನು ಸಿದ್ಧಪಡಿಸಲು ಸಾಧ್ಯವಾದದ್ದು ಕ್ಯಾಮರಾಕ್ಕೆ, ಕಂಪ್ಯೂಟರಿಗೆ ಹೆದರದ ಕನ್ನಡ ಅಧ್ಯಾಪಕರು ಅಷ್ಟು ಹೊತ್ತಿಗೆ ತಯಾರಾಗಿದ್ದರಿಂದ.

2024ರ ಬೇಸಗೆಯಲ್ಲಿ ಕೇರಳ 80,000 ಅಧ್ಯಾಪಕರಿಗೆ ಕೃತಕ ಬುದ್ಧಿಮತ್ತೆಯ ಬಗ್ಗೆ ಮೂರು ದಿನಗಳ ತರಬೇತಿ ಹಮ್ಮಿಕೊಂಡಿತು. ತಲಪಾಡಿಯ ಉತ್ತರಕ್ಕೆ ಕರ್ನಾಟಕದಲ್ಲೂ 2016-17ರಿಂದ ‘ಟಾಲ್ಪ್’ ಯೋಜನೆಯಡಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಜಿಲ್ಲಾ ತರಬೇತಿ ಸಂಸ್ಥೆಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಕಲಿತಿದ್ದಾರೆ. ಗಡಿಯ ಎರಡೂ ಬದಿಯ ಕನ್ನಡ ಅಧ್ಯಾಪಕರು ತಾವು ಮಾಡಿದ ಪಾಠಗಳನ್ನು ಪರಸ್ಪರ ಹಂಚಿಕೊಂಡರೆ ಇಬ್ಬರಿಗೂ ಲಾಭ.

ಸುರಂಗದ ನೀರು

ಕಾಸರಗೋಡಿನ ಗುಡ್ಡಗಳಲ್ಲಿ ‘ಸುರಂಗ’ಗಳಿವೆ. ಕೆಂಪುಕಲ್ಲಿನ ಗುಡ್ಡದ ಒಡಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕೊರೆದ ದಾರಿಗಳು. ಒಳಗಿನ ಒಸರು ನೀರು ತಾನಾಗಿ ಹರಿದು ಹೊರಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅದನ್ನು ಕೊರೆದವರು ಪಿಕ್ಕಾಸು ಹಿಡಿದು ಕತ್ತಲಲ್ಲಿ ದಿನಕ್ಕಿಷ್ಟು ಎಂದು ಮುಂದೆ ಸರಿದವರು. ಒಳ್ಳೆಯ ತರಬೇತಿಯೂ ಅಂಥದೇ ಕೆಲಸ. ಒಂದು ರಜೆಯಲ್ಲಿ ಮುಗಿಯುವುದಿಲ್ಲ. ಒಸರು ಸಿಕ್ಕಿದ ಮೇಲೆ ಮಾತ್ರ ವರ್ಷವಿಡೀ ಹರಿಯುತ್ತದೆ.

ಮಕ್ಕಳನ್ನು ಶಾಲೆಗೆ ಸೇರಿಸುವಾಗ ‘ಇಲ್ಲಿ ಎಷ್ಟು ಕಂಪ್ಯೂಟರ್ ಇವೆ?’ ಎಂದು ಹೆತ್ತವರು ಕೇಳುವುದು ವಾಡಿಕೆ. ‘ಈ ಬೇಸಗೆಯಲ್ಲಿ ನಿಮ್ಮ ಮಾಸ್ಟ್ರುಗಳು ಏನು ಕಲಿತು ಬಂದರು?’ ಎಂದು ಕೇಳುವುದು ಅದಕ್ಕಿಂತ ಒಳ್ಳೆಯದು. ತಲಪಾಡಿಯ ಆಚೆಗೂ ಈಚೆಗೂ ಕೇಳಬಹುದಾದ ಪ್ರಶ್ನೆ ಇದು.