ಘಟ್ಟದ ಬೆಂಗಾವಲು

ಕನ್ನಡದ 'ಕಾಯ್' ಎಂಬ ಧಾತುವಿಗೆ ರಕ್ಷಿಸು ಎಂಬ ಅರ್ಥವೂ ಉಂಟು, ನಿರೀಕ್ಷಿಸು ಎಂಬ ಅರ್ಥವೂ ಉಂಟು. ದನ ಕಾಯುವ ಬಾಲಕನೂ ಮಗನ ದಾರಿ ಕಾಯುವ ತಾಯಿಯೂ ಒಂದೇ ಕ್ರಿಯಾಪದದ ನೆರಳಿನಲ್ಲಿ ಇರುವವರು. ಈ ಎರಡು ಅರ್ಥಗಳೂ ಒಬ್ಬನೇ ಮನುಷ್ಯನಲ್ಲಿ ಕೂಡಿ ನಿಂತುದನ್ನು ನೋಡಬೇಕೆಂಬ ಆಸೆಯುಳ್ಳವರು ಆಷಾಢದ ಮಳೆಯಲ್ಲಿ ಅಣಶಿ ಘಟ್ಟಕ್ಕೆ ಹೋಗಬೇಕು.

ಜೋಯಿಡಾ ತಾಲ್ಲೂಕಿನ ಅಣಶಿ ಸಹ್ಯಾದ್ರಿಯ ನೆತ್ತಿಯ ಮೇಲಿನ ಊರು. ಇಲ್ಲಿಂದ ಹೆದ್ದಾರಿಯು ತಿರುವಿನ ಮೇಲೆ ತಿರುವಾಗಿ ಕದ್ರಾದ ಕಡೆಗೆ, ಅಲ್ಲಿಂದ ಕಾರವಾರದ ಕಡಲಿಗೆ ಇಳಿಯುತ್ತದೆ. ಸುತ್ತಲಿನ ಅರಣ್ಯವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿಯ ಅಭಯಾರಣ್ಯದೊಡನೆ ಕೂಡಿ ಹುಲಿಗಳ ರಕ್ಷಿತ ಪ್ರದೇಶವಾಯಿತು. 2015ರಿಂದ ಕಾಳಿಯ ಹೆಸರನ್ನು ಹೊತ್ತಿತು. ಹೆಸರುಗಳು ಬದಲಾದರೂ ಕಾವಲುಗಾರನ ದಿನಚರಿ ಬದಲಾಗಲಿಲ್ಲ. ಬೆಳಗಾಗುವ ಮೊದಲೇ ಕೊಪ್ಪೆ ಹೊದ್ದು, ಕತ್ತಿ ಹಿಡಿದು, ಉಂಬಳಗಳಿಗೆಂದು ಕಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡು ಹೊರಡುವನು. ಹುಲಿಯ ಹೆಜ್ಜೆ, ಬೇಟೆಗಾರನ ಉರುಳು, ರಸ್ತೆಗೆ ಅಡ್ಡ ಬಿದ್ದ ಮರ, ರಾತ್ರಿ ಉರುಳಿದ ಕಲ್ಲು ಎಲ್ಲವೂ ಅವನ ಕಣ್ಣಿಗೆ ಬೀಳಬೇಕು. ಹುಲಿಯನ್ನು ಮನುಷ್ಯನಿಂದ ಕಾಯಲು ನೇಮಕಗೊಂಡವನು ಮಳೆಗಾಲ ಬಂದೊಡನೆ ಮನುಷ್ಯನನ್ನು ಜಲಪಾತದಿಂದ ಕಾಯುವವನಾಗುತ್ತಾನೆ.

ಹಿಮದ ನಾಡುಗಳಲ್ಲಿ ಇಂಥವರಿಗೆ 'ಸ್ಕೀ ಪೆಟ್ರೋಲ್' ಎಂಬ ಹೆಸರಿದೆ. ಕಾಲಿಗೆ ನೀಳವಾದ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟಕ್ಕೆ ಲಕ್ಷಾಂತರ ಜನ ಸೇರುವ ಗಿರಿಧಾಮಗಳಲ್ಲಿ, ಕೆಂಪು ಮೇಲಂಗಿಯ ಮೇಲೆ ಬಿಳಿಯ ಕೂಟುಗುರುತು ಧರಿಸಿದ ಈ ಗಸ್ತಿನವರನ್ನು ಕಾಣಬಹುದು. ಇದರ ಹುಟ್ಟಿನ ಕಥೆ ಕರುಣಾಜನಕವಾದುದು. 1936ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದ ಸ್ಟೋ ಎಂಬಲ್ಲಿ ಚಾರ್ಲ್ಸ್ ಮೈನಟ್ ಡೋಲ್ ಎಂಬ ವಿಮಾ ವ್ಯವಹಾರಸ್ಥನು ಜಾರುವಾಗ ಕಾಲಿನ ಗಂಟು ಮುರಿದುಕೊಂಡನು. ಅವನನ್ನು ಕೆಳಗಿಳಿಸಲು ಏನೂ ಸಾಧನವಿರಲಿಲ್ಲ. ಮಾಡಿನ ತಗಡೊಂದು ಸಿಕ್ಕಿತು. ಸ್ನೇಹಿತರು ಅದರ ಮೇಲೆ ಮಲಗಿಸಿ ಎಳೆದು ತಂದರು. ಹಾಗೆ ಎಳೆದವರಲ್ಲೊಬ್ಬನಾದ ಫ್ರಾಂಕ್ ಎಡ್ಸನ್ ಕೆಲವೇ ವಾರಗಳಲ್ಲಿ ಜಾರುವ ಪಂದ್ಯದಲ್ಲಿ ಮರಣ ಹೊಂದಿದನು. ಆ ದುಃಖವನ್ನು ಡೋಲ್ ಕಣ್ಣೀರಿನಲ್ಲಿಯೇ ಮುಗಿಸಲಿಲ್ಲ. 1938ರಲ್ಲಿ ಸ್ವಯಂಸೇವಕರ ರಾಷ್ಟ್ರೀಯ ಗಸ್ತುದಳವೊಂದು ಅವನಿಂದ ರೂಪುಗೊಂಡಿತು. ಅದಕ್ಕೂ ಶತಮಾನಗಳ ಮೊದಲೇ, ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳ ನಡುವಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯಲ್ಲಿ ಸನ್ಯಾಸಿಗಳ ಆಶ್ರಮವೊಂದು ಹಿಮದಲ್ಲಿ ದಾರಿ ತಪ್ಪಿದ ಪಥಿಕರನ್ನು ನಾಯಿಗಳ ನೆರವಿನಿಂದ ಹುಡುಕಿ ತಂದು ಅನ್ನವಿಕ್ಕುತ್ತಿತ್ತು. ದಾಸೋಹವೆಂಬ ಮಾತನ್ನು ಅವರು ಕೇಳಿರಲಾರರು, ಮಾಡುತ್ತಿದ್ದುದು ಅದನ್ನೇ.

ಈ ಗಸ್ತಿನವರ ಕೆಲಸವೆಂದರೆ ಗಾಯಗೊಂಡವರನ್ನು ಹೊರುವುದು ಎಂದು ಹೊರಗಿನವರು ತಿಳಿಯುವರು. ಅದು ಅರ್ಧ ಮಾತ್ರ. ಆಟಗಾರರು ಏಳುವ ಮುನ್ನ ಅವರು ಇಳಿಜಾರನ್ನೆಲ್ಲ ಜಾರಿ ನೋಡಬೇಕು. ಬಂಡೆಗೂ ಕಂದಕಕ್ಕೂ ಕೋಲು ನೆಟ್ಟು ಹಗ್ಗ ಬಿಗಿಯಬೇಕು. ರಾತ್ರಿ ಬಿದ್ದ ಹೊಸ ಹಿಮವು ಹಳೆಯ ಪದರದ ಮೇಲೆ ಅಂಟದೆ ನಿಂತಿದ್ದರೆ, ಸಿಡಿಮದ್ದಿನಿಂದ ಅದನ್ನು ತಾವೇ ಮೊದಲು ಉರುಳಿಸಬೇಕು. ಅಮರಕೋಶವು 'ಹಿಮಾನಿ' ಎಂದು ಕರೆಯುವ ಆ ಹಿಮರಾಶಿ ಸಾಮಾನ್ಯವಾಗಿ ಮೂವತ್ತರಿಂದ ನಲವತ್ತೈದು ಅಂಶಗಳ ಓರೆಯಲ್ಲಿ ಕಳಚುತ್ತದೆ. ಅದರಡಿ ಸಿಕ್ಕವನು ಬದುಕುವ ಸಂಭವ ಕಾಲು ಗಂಟೆ ಕಳೆದಂತೆ ವೇಗವಾಗಿ ಕುಗ್ಗುವುದು. ನಮ್ಮ ದೇಶದ ಗುಲ್ಮಾರ್ಗದಲ್ಲಿಯೂ 2023ರ ಫೆಬ್ರವರಿ 1ರಂದು ಹಿಮ ಕುಸಿದು ಇಬ್ಬರು ಪೋಲೆಂಡಿನ ಪ್ರವಾಸಿಗಳು ಮೃತಪಟ್ಟರು.

ಅಣಶಿಯಲ್ಲಿ ಹಿಮವಿಲ್ಲ; ಅಲ್ಲಿ ಜಾರುವುದು ಮಣ್ಣು. ಆದರೆ ಹಿಮಕ್ಕೂ ಮಣ್ಣಿಗೂ ಒಂದೇ ನ್ಯಾಯ. ಮೇಲಿನ ಪದರ ನೀರುಂಡು ಭಾರವಾಗಿ, ಕೆಳಗಿನದರ ಹಿಡಿತ ಸಡಿಲಿದಾಗ ಗುಡ್ಡ ಹೊರಡುತ್ತದೆ. 2021ರ ಜುಲೈ ತಿಂಗಳ ಮಹಾವೃಷ್ಟಿಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯ ತೋಟಗಳು ಜಾರಿದುವು. ಅಣಶಿ ಘಟ್ಟದಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಚಹದಂಗಡಿಯನ್ನೂ ಅಲ್ಲಿದ್ದವರನ್ನೂ ಗುಡ್ಡವು ಗಂಗಾವಳಿಗೆ ತಳ್ಳಿತು. ನೀರಿನಲ್ಲಿ ಹುಡುಕಾಟ ಎರಡು ತಿಂಗಳು ಮೀರಿ ನಡೆಯಿತು.

ಮಣ್ಣು ಹೊರಡುವ ಮೊದಲು ಹಲವೊಮ್ಮೆ ಸೂಚನೆ ಕೊಡುತ್ತದೆ. ರಸ್ತೆಯ ಅಂಚಿನಲ್ಲಿ ನಿನ್ನೆ ಇಲ್ಲದ ಬಿರುಕು, ನೆಟ್ಟಗಿದ್ದ ಮರದ ವಾಲುವಿಕೆ, ತಿಳಿಯಾಗಿದ್ದ ಒರತೆಯಲ್ಲಿ ಕೆಂಪು, ಕಾರಣವಿಲ್ಲದೆ ಉದುರುವ ಸಣ್ಣ ಕಲ್ಲು: ಇವುಗಳನ್ನು ಓದಬಲ್ಲವನು ದಿನವೂ ಅದೇ ದಾರಿ ನಡೆದವನು ಮಾತ್ರ. ಕಾಡಿನ ಕಾವಲುಗಾರರಲ್ಲಿ ಹಲವರು ಸುತ್ತಲಿನ ಹಳ್ಳಿಗಳವರೇ ಆದುದರಿಂದ ಈ ವಿದ್ಯೆ ಅವರಿಗೆ ಅಕ್ಷರಕ್ಕಿಂತ ಮೊದಲೇ ಬಂದಿರುತ್ತದೆ. ಶಾಸ್ತ್ರವನ್ನು ಓದಿ ಪಂಡಿತರಾದವರು ಇಲ್ಲಿ ಸ್ವಲ್ಪ ತಲೆ ಬಾಗಿಸುವುದು ಒಳ್ಳೆಯದು.

ಕಷ್ಟವಿರುವುದು ಓದುವುದರಲ್ಲಲ್ಲ, ಹೇಳುವುದರಲ್ಲಿ. ದೂರದ ನಗರದಿಂದ ಬೆಲೆಬಾಳುವ ವಾಹನದಲ್ಲಿ ಬಂದ ತರುಣರಿಗೆ, ತುಂಬಿ ಧುಮುಕುವ ನೀರಿನ ಮುಂದೆ ನಿಂತು, ದಿನಗೂಲಿಯ ಮನುಷ್ಯನೊಬ್ಬನು "ಬೇಡ್ರೀ, ಕಲ್ಲು ಜಾರ್ತದ, ಮುಂದ ಹೋಗಬ್ಯಾಡ್ರಿ" ಎನ್ನಬೇಕು. ಕೆಲವರು ನಗುವರು. ಕೆಲವರು ಯಾರದೋ ಹೆಸರು ಹೇಳಿ ಗದರಿಸುವರು. ಹಿಮದ ನಾಡಿನಲ್ಲಿ ಕಟ್ಟಿದ ಹಗ್ಗವನ್ನು ದಾಟಿದವನ ಚೀಟಿಯನ್ನು ಕಿತ್ತುಕೊಂಡು ಹೊರಗೆ ಕಳಿಸಬಹುದು. ಆ ಮಾತಿನ ಹಿಂದೆ ಇಡೀ ಗಿರಿಧಾಮದ ಬಲವಿರುತ್ತದೆ. ಇಲ್ಲಿಯವನ ಮಾತಿನ ಹಿಂದೆ ಅವನ ಗಂಟಲು ಮಾತ್ರ ಇದೆ. ಅವನು ಹೇಳಿದಂತೆ ಕೇಳಿ ಹಿಂದೆ ಸರಿದವರ ಲೆಕ್ಕವನ್ನು ಯಾವ ಪುಸ್ತಕವೂ ಬರೆದಿಡುವುದಿಲ್ಲ. ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಯದು?

ಸಲಕರಣೆಯ ಮಾತೂ ಅಷ್ಟೇ. ಡೋಲನ ಕಾಲಕ್ಕೆ ಮಾಡಿನ ತಗಡು ಇದ್ದಂತೆ ಅನೇಕ ಘಟ್ಟಗಳಲ್ಲಿ ಇಂದಿಗೂ ಕಂಬಳಿ ಮತ್ತು ಎರಡು ಗಳಗಳೇ ಡೋಲಿಯಾಗುತ್ತವೆ. ಮುರಿದ ಮೂಳೆಗೆ ಪಟ್ಟಿ ಕಟ್ಟುವ ಶಿಕ್ಷಣ, ಗಟ್ಟಿಯಾದ ಹಗ್ಗ, ಒಂದು ಒಳ್ಳೆಯ ಡೋಲಿ, ದಿನಗೂಲಿಯವನಿಗೆ ಕೆಲಸದ ಭದ್ರತೆ ಇವು ದೊಡ್ಡ ಖರ್ಚುಗಳಲ್ಲ. ಕಟ್ಟಡಕ್ಕೆ ದಾನಿಗಳ ಹೆಸರು ಕೆತ್ತಿಸುವ ಸಂಪ್ರದಾಯ ನಮ್ಮಲ್ಲಿ ಉಂಟು. ಹಗ್ಗದ ಮೇಲೆ ಹೆಸರು ಕೆತ್ತಲು ಬರುವುದಿಲ್ಲ, ತೊಡಕು ಅಲ್ಲಿಯೇ ಇರಬಹುದು.

ಹಿಮದ ಗಸ್ತಿನವರ ದಿನದ ಕೊನೆಯ ಕೆಲಸ ಎಲ್ಲಕ್ಕಿಂತ ಮೌನವಾದುದು. ಸಂಜೆ ಆಟ ಮುಗಿದ ಮೇಲೆ ಅವರು ಶಿಖರದಿಂದ ಸಾಲಾಗಿ ಹರಡಿಕೊಂಡು, ನಿಂತು ನಿಂತು ಕೂಗಿ ಕೇಳುತ್ತ ಇಳಿಯುವರು. ಬಿದ್ದವರು, ದಣಿದವರು, ದಾರಿ ತಪ್ಪಿದವರು ಯಾರೂ ಮೇಲೆ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಅವರ ದಿನ ಮುಗಿಯುವುದು. ಬೆನ್ನ ಹಿಂದಿನ ಕಾವಲೇ ಬೆಂಗಾವಲು. ಈಗ ಅದು ಅಧಿಕಾರಿಗಳ ವಾಹನಗಳಿಗೆ ಮೀಸಲಾದ ಮಾತಾಗಿದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನೆಲ್ಲ ಬಸ್ಸಿಗೆ ಹತ್ತಿಸಿ, ಎರಡು ಸಲ ತಲೆಯೆಣಿಸಿ, ಕೊನೆಗೆ ತಾನು ಹತ್ತುವ ಅಧ್ಯಾಪಕನಿಗೆ ಅದರ ಮೂಲಾರ್ಥ ಚೆನ್ನಾಗಿ ಗೊತ್ತು.

ಅಣಶಿಯಲ್ಲಿ ಸಂಜೆಯ ಮಂಜು ಬೇಗ ಇಳಿಯುತ್ತದೆ. ಹತ್ತು ಮಾರು ಆಚೆಯದು ಕಾಣದು. ಬದಿಯಲ್ಲಿ ಒಂದು ದ್ವಿಚಕ್ರ ವಾಹನ ಉಳಿದಿದೆ, ಸವಾರನಿಲ್ಲ. ಕಾವಲುಗಾರನು ಕೊಪ್ಪೆಯನ್ನು ಸರಿಪಡಿಸಿಕೊಂಡು, ನೀರಿನ ಸದ್ದಿನ ಕಡೆಗೆ ಮತ್ತೊಮ್ಮೆ ಮೆಟ್ಟಿಲಿಳಿದು ಕೂಗುತ್ತಾನೆ; ಉತ್ತರ ಬರುವವರೆಗೆ ಕಾಯುತ್ತಾನೆ.