ಸರೋವರದ ಈಚೆಯ ದಡ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದೇಶಾವಕಾಶಿಕವೆಂಬುದು ಇಂದು ಹೆಚ್ಚಾಗಿ ಗ್ರಂಥದಲ್ಲಿಯೇ ಉಳಿದುಕೊಂಡಿರುವ ವ್ರತ. ಇಂತಹ ಮನೆ, ಇಂತಹ ಊರು, ಇಂತಹ ನದಿಯಿಂದಾಚೆಗೆ ಇಷ್ಟು ಕಾಲದವರೆಗೆ ಹೋಗುವುದಿಲ್ಲವೆಂದು ಮೊದಲೇ ಮೇರೆ ಹಾಕಿಕೊಳ್ಳುವುದು ಅದರ ಸ್ವರೂಪ. ಉಮಾಸ್ವಾಮಿಗಳು ಇದನ್ನು ಗುಣವ್ರತಗಳಲ್ಲಿ ಎಣಿಸಿದ್ದಾರೆ. ಸಮಂತಭದ್ರಾಚಾರ್ಯರು ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಎಣಿಕೆಯ ಭೇದವನ್ನು ಪಂಡಿತರಿಗೆ ಬಿಡೋಣ. ಮನೆಗೂ ಅಂಗಡಿಗೂ ನಡುವೆಯೇ ಆಯುಷ್ಯ ಸವೆಸುವವನಿಗೆ ಈ ವ್ರತ ಭಾರವೆನಿಸದು. ಹೆಂಡತಿ, ಮಗ, ಸೊಸೆ, ಮೊಮ್ಮಗಳೊಂದಿಗೆ ಪರದೇಶದಲ್ಲಿ ಕಾರು ಬಾಡಿಗೆಗೆ ಹಿಡಿದು ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರು ಸುತ್ತುವಾಗ ಅದರ ಗತಿಯೇನು?

ದಾಬಸ್‌ಪೇಟೆಯ ಹಿರಿಯ ವರ್ತಕರೊಬ್ಬರಿಗೆ 2023ರ ಡಿಸೆಂಬರಿನಲ್ಲಿ ಈ ಪ್ರಶ್ನೆ ಎದುರಾಯಿತು. ಹೆದ್ದಾರಿಯ ಪಕ್ಕದಲ್ಲಿ ಅವರದು ನಲವತ್ತು ವರ್ಷಗಳ ದಿನಸಿ ಮತ್ತು ಹುಣಸೆಹಣ್ಣಿನ ವ್ಯಾಪಾರ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಲಾರಿಗಳು, ಸೋಂಪುರದ ಕಾರ್ಖಾನೆಗಳಿಗೆ ಹೋಗುವ ಬಸ್ಸುಗಳು, ಶಿವಗಂಗೆಯ ಬೆಟ್ಟಕ್ಕೆ ತಿರುಗುವ ಯಾತ್ರಿಕರು, ಹೀಗೆ ಹೋಗುವವರನ್ನೆಲ್ಲ ಕುಳಿತಲ್ಲಿಂದಲೇ ನೋಡುವುದು ಆ ಊರಿನ ಅಂಗಡಿಯವರ ಹಣೆಬರಹ. 2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋಗಿ ಬಂದ ಮೇಲೆ ಅವರು ದಿನದಿನದ ಎಲ್ಲೆಯನ್ನು ಹಾಕಿಕೊಳ್ಳತೊಡಗಿದ್ದರು. ಸಾಮಾನ್ಯ ದಿನಗಳಲ್ಲಿ ಒಂದು ಕಡೆ ನೆಲಮಂಗಲ, ಇನ್ನೊಂದು ಕಡೆ ಬಸದಿ ಬೆಟ್ಟವೆಂದು ಜನ ಕರೆಯುವ ಮಂದರಗಿರಿ. ಅಷ್ಟಮಿ ಚತುರ್ದಶಿಗಳಂದು ಮನೆ ಮತ್ತು ಅಂಗಡಿ ಮಾತ್ರ. ಆಜೀವ ದಿಗ್ವ್ರತವನ್ನು ಅವರು ತೆಗೆದುಕೊಂಡಿರಲಿಲ್ಲ. ಮಗ ಸಿಂಗಪುರದಲ್ಲಿರುವವರೆಗೆ ಅದು ತಮ್ಮಿಂದಾಗದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು.

ಸಮುದ್ರ ದಾಟುವುದರ ಬಗ್ಗೆಯೇ ಒಂದು ಕಾಲದಲ್ಲಿ ವಿವಾದವಿತ್ತು. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋದ ವೀರಚಂದ ಗಾಂಧಿಯವರ ವಿಷಯದಲ್ಲಿ ಮುಂಬಯಿಯ ಸಮಾಜದಲ್ಲಿ ಆಕ್ಷೇಪಗಳೆದ್ದಿದ್ದವು. ಈಗ ಆ ಪ್ರಶ್ನೆ ಯಾರಿಗೂ ನೆನಪಿಲ್ಲ. ಈಗಿನ ಪ್ರಶ್ನೆ ಊಟದ್ದು.

ಆ ಕುಟುಂಬ ಆರಿಸಿಕೊಂಡದ್ದು ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು. ಅಲ್ಲಿಯೂ ವಾಹನಗಳು ನಮ್ಮಂತೆ ರಸ್ತೆಯ ಎಡಗಡೆಯೇ ಸಾಗುವುದರಿಂದ ಮಗನಿಗೆ ಧೈರ್ಯವಿತ್ತು. ಗೃಹಿಣಿ ಒಂದು ಪೆಟ್ಟಿಗೆಯ ತುಂಬ ಅವಲಕ್ಕಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು, ಕೋಡುಬಳೆ, ನಿಪ್ಪಟ್ಟು ತುಂಬಿಕೊಂಡರು. ನೀರು ಸೋಸುವ ಬಿಳಿಯ ಬಟ್ಟೆಯನ್ನೂ ಮರೆಯಲಿಲ್ಲ. ಆ ದೇಶದವರು ಹೊರಗಿನ ಆಹಾರ, ಬೀಜ, ಮಣ್ಣುಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಂದದ್ದನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲಿಯ ನಾಲ್ಕುನೂರು ಡಾಲರು ದಂಡ. ಕ್ರೈಸ್ಟ್‌ಚರ್ಚ್ ವಿಮಾನನಿಲ್ದಾಣದಲ್ಲಿ ಮುಂದಿದ್ದವರೊಬ್ಬರು "ಏನೂ ಇಲ್ಲ ಎಂದು ಬರೆದುಬಿಡಿ, ಎಲ್ಲರನ್ನೂ ನೋಡುವುದಿಲ್ಲ" ಎಂದು ಉಪದೇಶಿಸಿದರಂತೆ. ಗೃಹಿಣಿ ಒಂದೊಂದನ್ನೂ ಹೇಳಿಹೇಳಿ ಸೊಸೆಯಿಂದ ಬರೆಯಿಸಿದರು. ಅಧಿಕಾರಿ ಎಲ್ಲವನ್ನೂ ತೆರೆಸಿ ನೋಡಿ, ಒಂದು ಹಿಡಿ ಕರಿಬೇವನ್ನೂ ನಾಲ್ಕು ನಿಂಬೆಹಣ್ಣುಗಳನ್ನೂ ಮಾತ್ರ ತೆಗೆದಿಟ್ಟುಕೊಂಡು, ನಿಜ ಬರೆದದ್ದಕ್ಕೆ ವಂದನೆ ಹೇಳಿ ಕಳುಹಿಸಿದನು. ಬಾಡಿಗೆ ಕಾರಿನ ಚಕ್ರಗಳ ಕೆಳಗೆ ಇಡಲೆಂದು ತಂದಿದ್ದ ನಿಂಬೆಹಣ್ಣುಗಳವು! "ಲೋಕಮೂಢತೆಯನ್ನು ನಾನು ಬಿಡಿಸಲಾರದ್ದನ್ನು ಅವನು ಬಿಡಿಸಿದ" ಎಂದು ಹಿರಿಯರು ನಕ್ಕರು. ಅವರು ಮಾತ್ರ ನಗಲಿಲ್ಲ.

ಮೊದಲ ದಿನ ಕಾರು ಹೊರಡುವ ಮುನ್ನ ಹಿರಿಯರು ಆ ದಿನದ ಎಲ್ಲೆಯನ್ನು ಹೇಳಿದರು. ಹತ್ತು ವರ್ಷದ ಮೊಮ್ಮಗಳು ನಕ್ಷೆಯಲ್ಲಿ ಹೆಸರು ಹುಡುಕಿ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು: ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಟೆಕಾಪೊ ಸರೋವರ. ದಾರಿಯಲ್ಲಿ ರಕಾಯಾ ನದಿ ಸಿಕ್ಕಿತು. ಒಂದೂಮುಕ್ಕಾಲು ಕಿಲೋಮೀಟರಿನ ಆ ಸೇತುವೆಯ ಕೆಳಗೆ ನೀರು ಒಂದೇ ಹೊಳೆಯಾಗಿ ಹರಿಯದೆ, ಬೂದುಬಣ್ಣದ ಬೆಣಚುಕಲ್ಲಿನ ಹಾಸಿನ ಮೇಲೆ ಜಡೆಯ ಎಳೆಗಳಂತೆ ಬಿಚ್ಚಿಕೊಂಡು ಮತ್ತೆ ಕೂಡಿಕೊಂಡು ಹೋಗುತ್ತದೆ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯ ಒಣ ಪಾತ್ರವನ್ನು ಕಂಡ ಕಣ್ಣುಗಳಿಗೆ ಅಷ್ಟು ನೀರು ಕಂಡು ಹೊಟ್ಟೆಕಿಚ್ಚಾಗದಿರುವುದು ಕಷ್ಟ. ಹಳ್ಳಿಗಳ ಬೇಕರಿಗಳಲ್ಲಿ ಮಾಂಸ ತುಂಬಿದ ಕಡುಬಿನಂತಹ ತಿನಿಸೇ ಪ್ರಧಾನ. ಚೀಸಿಗೆ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ವಸ್ತುವಿನಿಂದಲೋ ಬೇರೆಯದರಿಂದಲೋ ಎಂದು ಪೊಟ್ಟಣ ಓದುವುದರಲ್ಲಿಯೇ ಸೊಸೆಯ ಅರ್ಧ ವಿಹಾರ ಕಳೆಯಿತು. ಆದರೆ ಪ್ರವಾಸಿಗರ ವಸತಿಗಳಲ್ಲಿ ಒಂದು ಒಲೆ, ಎರಡು ಪಾತ್ರೆ ಇರುವುದು ಆ ದೇಶದ ವಾಡಿಕೆ. ಅನ್ನ, ತೊಗರಿಬೇಳೆಯ ಸಾರು, ಒಂದು ಪಲ್ಯಕ್ಕೆ ಅದು ಧಾರಾಳವಾಯಿತು.

ರಾತ್ರಿಭೋಜನತ್ಯಾಗದ ವಿಷಯದಲ್ಲಿ ಮಾತ್ರ ದೈವವೇ ಅನುಕೂಲವಾಯಿತೆನ್ನಬೇಕು. ಡಿಸೆಂಬರಿನಲ್ಲಿ ದಾಬಸ್‌ಪೇಟೆಯಲ್ಲಿ ಆರು ಗಂಟೆಯ ವೇಳೆಗೆ ಸೂರ್ಯ ಮುಳುಗುತ್ತಾನೆ. ಗಿರಾಕಿಗಳ ನಡುವೆಯೇ ಎದ್ದುಹೋಗಿ ಉಣ್ಣಬೇಕು. ಅಲ್ಲಿ ರಾತ್ರಿ ಒಂಬತ್ತು ಹೊಡೆದರೂ ಬಿಸಿಲು ಬೆಟ್ಟದ ನೆತ್ತಿಯ ಮೇಲಿರುತ್ತದೆ. "ತಾತ, ಎಂಟು ಗಂಟೆ ರಾತ್ರಿಯೋ ಹಗಲೋ?" ಎಂದು ಮೊಮ್ಮಗಳು ಕೇಳಿದಳು. "ವ್ರತಕ್ಕೆ ಗಡಿಯಾರವಿಲ್ಲ ಮಗಳೇ, ಸೂರ್ಯನನ್ನು ಕೇಳು" ಎಂದರು.

ಟೆಕಾಪೊ ಸರೋವರದ ನೀರಿನ ಬಣ್ಣ ಬರಹಕ್ಕೆ ಸಿಕ್ಕುವಂಥದಲ್ಲ. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ಹಿಟ್ಟು ನೀರಿನಲ್ಲಿ ತೇಲುತ್ತಿದ್ದು, ಬೆಳಕನ್ನು ಚದುರಿಸುವುದರಿಂದ ಹಾಲು ಬೆರೆತ ನೀಲಮಣಿಯಂತೆ ಕಾಣುತ್ತದೆ. ದಡದಲ್ಲಿ 1935ರಲ್ಲಿ ಕಟ್ಟಿದ ಕಲ್ಲಿನ ಪುಟ್ಟ ಇಗರ್ಜಿ. ಸಮೀಪದಲ್ಲಿ ಕುರಿ ಕಾಯುವ ನಾಯಿಯೊಂದರ ಕಂಚಿನ ಪ್ರತಿಮೆ. ದುಡಿದ ಪ್ರಾಣಿಗೆ ಜನ ಪ್ರತಿಮೆ ನಿಲ್ಲಿಸಿದ್ದು ಹಿರಿಯರಿಗೆ ಬಹಳ ಹಿಡಿಸಿತು.

ಎರಡನೆಯ ದಿನದ ಎಲ್ಲೆ ಹೀಗಿತ್ತು: ಪೂರ್ವಕ್ಕೆ ಟೆಕಾಪೊ, ದಕ್ಷಿಣಕ್ಕೆ ಟ್ವೈಜೆಲ್ ಪಟ್ಟಣ, ಉತ್ತರಕ್ಕೆ ಪುಕಾಕಿ ಸರೋವರದ ಈಚೆಯ ದಡ, ನಾಳೆಯ ಸೂರ್ಯೋದಯದವರೆಗೆ. ಸರೋವರದ ಆಚೆಯ ತುದಿಯಲ್ಲಿ ಆ ದೇಶದ ಅತ್ಯುನ್ನತ ಶಿಖರವಾದ ಆವೊರಾಕಿ ಇದೆ. ಎತ್ತರ 3,724 ಮೀಟರು. 1991ರ ಡಿಸೆಂಬರಿನಲ್ಲಿ ಅದರ ತುದಿಯೇ ಕುಸಿದುಬಿದ್ದು ಎತ್ತರ ತಗ್ಗಿತು. ಶಿಖರದ ಬುಡದ ಹಳ್ಳಿಗೆ ಹೋಗುವುದು ಮೂರನೆಯ ದಿನಕ್ಕೆಂದು ಮಗ ಮೊದಲೇ ಗೊತ್ತುಮಾಡಿದ್ದನು. ಈಚೆಯ ದಡದಲ್ಲಿ ನಿಂತು ನೋಡಿದಾಗ ಮೋಡವಲ್ಲದೆ ಬೇರೇನೂ ಕಾಣಲಿಲ್ಲ. ಟ್ವೈಜೆಲ್ ತಲುಪಿ ಊಟ ಮುಗಿಸುವ ಹೊತ್ತಿಗೆ ಆಕಾಶ ತೊಳೆದಿಟ್ಟಂತಾಯಿತು. ಮರುದಿನ ಇಡೀ ಮಳೆಯೆಂದು ಹವಾಮಾನ ವರದಿ. ಹಳ್ಳಿಗೆ ಅರವತ್ತೈದು ಕಿಲೋಮೀಟರು; ಮುಕ್ಕಾಲು ಗಂಟೆಯ ದಾರಿ.

"ಅಪ್ಪಾಜಿ, ಈಗಲೇ ಹೊರಡೋಣ. ಎಲ್ಲೆಯನ್ನು ಅರವತ್ತು ಕಿಲೋಮೀಟರು ಮುಂದಕ್ಕೆ ಹಾಕಿಕೊಂಡರೆ ಯಾರಿಗೇನು ನಷ್ಟ?" ಎಂದನು ಮಗ.

"ಅದು ಕ್ಷೇತ್ರವೃದ್ಧಿಯಾಗುತ್ತದೆ. ಲೆಕ್ಕ ಮುಚ್ಚಿದ ಮೇಲೆ ಹಾಳೆ ತಿದ್ದಿದ ಹಾಗೆ. ನೀವೆಲ್ಲ ಹೋಗಿಬನ್ನಿ, ನಾನಿಲ್ಲಿ ಸಾಮಾಯಿಕ ಮಾಡಿಕೊಂಡಿರುತ್ತೇನೆ."

ಗೃಹಿಣಿಗೆ ಕೋಪ ಬಂದಿತು. "ಇಷ್ಟು ದೂರ ಬಂದು ಒಬ್ಬರನ್ನು ಕೋಣೆಯಲ್ಲಿ ಕೂರಿಸಿ ಬೆಟ್ಟ ನೋಡುವುದು ಹೇಗೆ? ಬೆಳಗ್ಗೆ ಎಲ್ಲೆ ಹಾಕುವಾಗ ಯಾರನ್ನಾದರೂ ಕೇಳಿದಿರಾ?" ಎಂದರು. ಉತ್ತರವಿರಲಿಲ್ಲ. ವ್ರತ ತಮ್ಮದೊಬ್ಬರದೇ ಆದರೂ ಕಾರು ಐವರದು. ಮನೆಯವರ ಸಂತೋಷದ ಮೇಲೆ ಬೀಳುವ ನೆರಳನ್ನು ವ್ರತಿಯು ಲೆಕ್ಕಕ್ಕೆ ಹಿಡಿಯದಿದ್ದರೆ, ಅವನ ಸಂಯಮದ ಖರ್ಚನ್ನು ಇತರರು ಕೊಟ್ಟಂತಾಗುತ್ತದೆ. ಆ ದಿನ ಆದದ್ದು ಅದೇ. ಕೊನೆಗೆ ಮೊಮ್ಮಗಳ ಮುಖ ನೋಡಿ ನಾಲ್ವರೂ ಹೊರಟರು.

ಒಂದು ಗಂಟೆಯ ಬಳಿಕ ಹಿರಿಯರ ಮೊಬೈಲು ಹೊಡೆದುಕೊಂಡಿತು. ಚಿತ್ರ ಸಹಿತ ಕರೆ. "ತಾತ, ನೋಡಿ ನೋಡಿ!" ಎಂದು ಮೊಮ್ಮಗಳು ಕೂಗುತ್ತಿದ್ದಳು. ಅಂಗೈಯಗಲದ ಗಾಜಿನಲ್ಲಿ ಬಿಳಿಯ ಗೋಡೆಯೊಂದು ಅಲುಗಾಡುತ್ತಿತ್ತು. ಹಿರಿಯರು ನೋಡಿದರು. ನೋಡಿದ್ದಷ್ಟೇ ಅಲ್ಲ, "ಸ್ವಲ್ಪ ಎಡಕ್ಕೆ ತಿರುಗಿಸು ಮಗಳೇ, ಇನ್ನೂ ಸ್ವಲ್ಪ" ಎಂದರು. ಮಗು ಎಡಕ್ಕೆ ತಿರುಗಿಸಿತು. ಹಿಮ ಹೊತ್ತ ಇನ್ನೊಂದು ಬೆಟ್ಟ ಕಾಣಿಸಿತು. ಆಗಲೇ ಅವರಿಗೆ ಏನೋ ಚುಚ್ಚಿದಂತಾಗಿ, "ಸಾಕು, ನೀವು ನೋಡಿಕೊಂಡು ಬನ್ನಿ" ಎಂದು ಕರೆಯನ್ನು ನಿಲ್ಲಿಸಿದರು.

ತತ್ತ್ವಾರ್ಥಸೂತ್ರವು ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಎಲ್ಲೆಯಾಚೆಯ ವಸ್ತುವನ್ನು ತರಿಸಿಕೊಳ್ಳುವುದು, ಆಚೆಗೆ ಆಳನ್ನು ಅಟ್ಟಿ ಕೆಲಸ ಮಾಡಿಸುವುದು, ಕೆಮ್ಮಿ ಕೂಗಿ ಆಚೆಯವರಿಗೆ ಸೂಚನೆ ಕೊಡುವುದು, ಮೈ ತೋರಿಸಿ ಸನ್ನೆ ಮಾಡುವುದು, ಕಲ್ಲೋ ಹೆಂಟೆಯೋ ಎಸೆದು ಗಮನ ಸೆಳೆಯುವುದು. ದೇಹವನ್ನು ಗೆರೆಯ ಒಳಗಿಟ್ಟು ಮನಸ್ಸನ್ನು ಗೆರೆಯಾಚೆ ದುಡಿಸುವ ಜಾಣತನವನ್ನು ಸೂತ್ರಕಾರರು ಎಷ್ಟು ಚೆನ್ನಾಗಿ ಬಲ್ಲರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕರೆ ತಾನಾಗಿ ಬಂದದ್ದು. ಬಂದದ್ದನ್ನು ಕಂಡರೆ ದೋಷವಿಲ್ಲವೆಂದು ವಾದಿಸಬಹುದು. ಆದರೆ ಎಡಕ್ಕೆ ತಿರುಗಿಸೆಂದದ್ದು? ಹತ್ತು ವರ್ಷದ ಮಗುವಿನ ಕೈಯನ್ನು ತಮ್ಮ ಕಣ್ಣಿನ ಆಳಾಗಿ ಅಟ್ಟಿದಂತಾಗಲಿಲ್ಲವೆ? ಮೊಬೈಲು ಮುಂದಿಟ್ಟುಕೊಂಡು ಹೊತ್ತಿಳಿಯುವವರೆಗೆ ಅವರು ಇದನ್ನೇ ಯೋಚಿಸಿದರು.

ಯೋಚನೆ ಆ ಬೆಟ್ಟದ ಬಳಿ ನಿಲ್ಲಲಿಲ್ಲ. ಐದು ವರ್ಷಗಳಿಂದ ಪ್ರತಿ ಚತುರ್ದಶಿಯೂ ಮನೆ ಅಂಗಡಿಗಳ ಗೆರೆಯೊಳಗೆ ಕುಳಿತು, ಗಲ್ಲಾಪೆಟ್ಟಿಗೆಯ ಮೇಲಿನ ಫೋನಿನಿಂದ ತುಮಕೂರಿನ ಮಂಡಿಯಲ್ಲಿ ಹುಣಸೆಹಣ್ಣಿಗೆ ಸವಾಲು ಹಾಕಿಸುತ್ತಿದ್ದರು. ಎಲ್ಲೆ ಮಂದರಗಿರಿಗೂ ಈಚೆ. ಮಾಲು ಅದರಾಚೆಯದು, ಕೂಗುವವನು ಬೇರೊಬ್ಬ, ಲಾಭ ಇವರದು. ಅದು ವ್ರತಭಂಗವೆಂದು ಒಂದು ದಿನವೂ ಹೊಳೆದಿರಲಿಲ್ಲ. ವರ್ತಕನಿಗೆ ತನ್ನ ಕಸುಬಿನಲ್ಲಿ ಕಾಣದ ದೋಷ ಪರದೇಶದ ಕೋಣೆಯಲ್ಲಿ, ಕೆಲಸವಿಲ್ಲದೆ ಕುಳಿತಾಗ ಕಂಡಿತು.

ರಾತ್ರಿ ಹಿಂದಿರುಗಿದವರು ಮಾತಿಗಾರಂಭಿಸುವ ಮೊದಲೇ, "ನಾಳೆ ಸೂರ್ಯ ಹುಟ್ಟಿದ ಮೇಲೆ ಎಲ್ಲ ಹೇಳಿ, ಇವತ್ತು ಬೇಡ" ಎಂದರು. ಎಡಕ್ಕೆ ತಿರುಗಿಸೆಂದದ್ದು ತಮ್ಮ ತಪ್ಪೆಂದು ಮೊಮ್ಮಗಳಿಗೆ ತಿಳಿಸಿದರು. ಅವಳು ಆ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಳಂತೆ.

ಮೂರನೆಯ ದಿನ ವರದಿಯಂತೆಯೇ ಮಳೆ. ಶಿಖರದ ಕಡೆ ಹೋಗುವುದರಲ್ಲಿ ಅರ್ಥವಿರಲಿಲ್ಲ. 971 ಮೀಟರು ಎತ್ತರದ ಲಿಂಡಿಸ್ ಕಣಿವೆದಾರಿಯನ್ನು ಹತ್ತುವಾಗ, ಒಣಹುಲ್ಲಿನ ಬಣ್ಣದ ಬೋಳು ಬೆಟ್ಟಗಳು ಮಳೆಯಲ್ಲಿ ಮಸುಕಾಗಿ ಸರಿಯುತ್ತಿರುವಾಗ, ಗೃಹಿಣಿ ಹಿಂದಿನ ದಿನದ್ದನ್ನು ಹೇಳಿದರು. ನಲವತ್ತು ವರ್ಷಗಳ ದಾಂಪತ್ಯದಲ್ಲಿ ಯಜಮಾನರು ನೋಡದ ಒಂದನ್ನು ತಾವು ಮೊದಲು ನೋಡಿ ಅವರಿಗೆ ವರ್ಣಿಸಿದ್ದು ಅದೇ ಮೊದಲು. ಇಳಿಬಿಸಿಲಿಗೆ ಹಿಮ ಕೇಸರಿಯಾದದ್ದು, ದೂರದಲ್ಲಿ ಹಿಮ ಕುಸಿದು ಗುಡುಗಿನಂತೆ ಸದ್ದಾದದ್ದು, ಸದ್ದು ಬಂದ ಕಡೆ ನೋಡಿದರೆ ಏನೂ ಕಾಣದಿದ್ದದ್ದು. ಕೋಪ ಎಲ್ಲಿಯೋ ಕರಗಿಹೋಗಿತ್ತು. ಸೊಸೆ ಒಂದು ಮಾತು ಸೇರಿಸಿದಳು. ಆ ಪ್ರಾಂತದ ಮಾವೋರಿ ಜನ ಶಿಖರವನ್ನು ತಮ್ಮ ಪೂರ್ವಜನೆಂದು ಭಾವಿಸುತ್ತಾರಂತೆ. ಹತ್ತುವವರು ತುತ್ತತುದಿಯ ಮೇಲೆ ಮಾತ್ರ ಕಾಲಿಡದೆ ಸ್ವಲ್ಪ ಕೆಳಗೆ ನಿಲ್ಲಬೇಕೆಂದು ಕೇಳಿಕೊಳ್ಳುತ್ತಾರಂತೆ. ಹಿರಿಯರು ಇದನ್ನು ಎರಡು ಬಾರಿ ಹೇಳಿಸಿಕೊಂಡರು.

ಮುಂದಿನ ದಿನಗಳು ಬೇಗ ಕಳೆದವು. ಕ್ರಾಮ್‌ವೆಲ್‌ನಲ್ಲಿ ಚೆರ್ರಿ ಹಣ್ಣು; ತೋಟದ ಬಾಗಿಲಲ್ಲಿಯೇ ಕೊಂಡು, ಹುಳುವಿದೆಯೋ ಎಂದು ಒಂದೊಂದನ್ನೂ ಬಿಡಿಸಿ ನೋಡಿ ತಿಂದರು. ಅಷ್ಟು ಸಿಹಿಯಾದ ಹಣ್ಣನ್ನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೂ ಕಂಡಿರಲಿಲ್ಲ. ಆ ನಾಡಿನ ಪ್ರಖ್ಯಾತ ಮನೂಕಾ ಜೇನಿನ ಬಾಟಲಿಯನ್ನು ಕಚೇರಿಯ ಗೆಳತಿಯರಿಗೆಂದು ಎತ್ತಿಕೊಂಡ ಸೊಸೆ, ಯಾರೂ ಏನೂ ಹೇಳದಿದ್ದರೂ, ಮರಳಿ ಇಟ್ಟಳು. 1954ರಲ್ಲಿ ತೆರೆದ ಹೋಮರ್ ಸುರಂಗವನ್ನು ದಾಟಿ ಮಿಲ್‌ಫರ್ಡ್ ಕೊಲ್ಲಿಗೆ ಹೋದಾಗ ಸುರಿಯುವ ಮಳೆ; ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಮೀರುವ ಮಳೆಯಿಂದ ಆಗುಂಬೆಯ ನೆನಪು ತರುವ ಸ್ಥಳವದು. ಕಡಿದಾದ ಬಂಡೆಗಳ ಮೈಯೆಲ್ಲ ಜಲಪಾತ. ಮೂರನೆಯ ದಿನದಿಂದಲೇ ಎಲ್ಲೆ ಹೇಳುವ ಮುನ್ನ ಹಿರಿಯರು, "ಇವತ್ತು ಎಲ್ಲಿಯವರೆಗೆ ನೋಡುವ ಆಸೆ?" ಎಂದು ಒಬ್ಬೊಬ್ಬರನ್ನೂ ಕೇಳುವ ಪರಿಪಾಠವಿಟ್ಟುಕೊಂಡಿದ್ದರು. ಮೊಮ್ಮಗಳು ಪ್ರತಿದಿನವೂ ತುಂಬ ದೂರದ ಊರನ್ನೇ ಹೇಳುತ್ತಿದ್ದಳು.

ದಾಬಸ್‌ಪೇಟೆಗೆ ಮರಳಿದ ಮೇಲೆ ಬಂದ ಮೊದಲ ಚತುರ್ದಶಿಯಂದು ಹಿರಿಯರು ಫೋನನ್ನು ಮನೆಯ ಗೂಡಿನಲ್ಲಿಟ್ಟು ಅಂಗಡಿಗೆ ಹೋದರು. ಹೊಸ ಹುಣಸೆಹಣ್ಣು ಮಂಡಿಗೆ ಬರುವ ಕಾಲವದು. ಮಧ್ಯಾಹ್ನದ ಹೊತ್ತಿಗೆ ಮಂಡಿಯ ಹುಡುಗ ಮೂರು ಬಾರಿ ಕರೆ ಮಾಡಿದನೆಂದು ಗೃಹಿಣಿ ಹೇಳಿಕಳುಹಿಸಿದರು. ಇವರು ಎದ್ದುಹೋಗಲಿಲ್ಲ. ಒಳ್ಳೆಯ ಮಾಲು ಬೇರೆಯವರ ಪಾಲಾಯಿತು. ಸಂಜೆ ಸೂರ್ಯ ಮುಳುಗುವ ಮುನ್ನ ಊಟಕ್ಕೆ ಕುಳಿತಾಗ, "ಎಷ್ಟು ಹೋಯಿತು?" ಎಂದು ಅವರು ಕೇಳಿದರು. ಹಿರಿಯರು ಒಂದು ಮೊತ್ತ ಹೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸೌಟು ಸಾರು ಬಡಿಸಿದರು.