ಆಗುಂಬೆಯಲ್ಲಿ ಸರಯೂ ಎಲ್ಲಿ?

ಆಗುಂಬೆಗೆ ಬರುವ ಪ್ರವಾಸಿಗರಲ್ಲಿ ಎರಡು ಬಗೆ. ಸೂರ್ಯಾಸ್ತ ನೋಡಲು ಬರುವವರು ಒಂದು. ಸ್ವಾಮಿಯ ಮನೆ ಎಲ್ಲಿ ಎಂದು ಕೇಳುವವರು ಇನ್ನೊಂದು. ಎರಡನೆಯವರಿಗೆ ಊರಿನವರು ನಗುತ್ತಲೇ ದೊಡ್ಡ ಮನೆಯ ದಾರಿ ತೋರಿಸುತ್ತಾರೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಇಲ್ಲಿಯೇ. ಎಂಬತ್ತರ ದಶಕದಲ್ಲಿ ಅದನ್ನು ದೂರದರ್ಶನದಲ್ಲಿ ನೋಡಿದವರಿಗೆ ಆ ಮನೆಯ ಕಂಬ, ಜಗಲಿ ಕಂಡೊಡನೆ ಎಲ್. ವೈದ್ಯನಾಥನ್ ಅವರ ರಾಗ ಕಿವಿಯಲ್ಲಿ ಮೊಳಗದೆ ಇರದು.

ನಾನೂ ಅಂಥವರಲ್ಲೊಬ್ಬ. ಆದರೆ ಜೊತೆಗಿದ್ದ ಒಂಬತ್ತನೇ ತರಗತಿಯ ಮಗಳು ಧಾರಾವಾಹಿಗಿಂತ ಮೊದಲು ಪುಸ್ತಕ ಓದಿದವಳು. ಬಸ್ಸಿಳಿದವಳೇ ತಕರಾರು ತೆಗೆದಳು: “ಅಪ್ಪಾ, ಸರಯೂ ನದಿ ಎಲ್ಲಿ?”

ಸರಯೂ ಇಲ್ಲಿಲ್ಲ. ಮೆಂಪಿ ಬೆಟ್ಟವಾಗಲಿ ಕಬೀರ್ ಬೀದಿಯಾಗಲಿ ಇಲ್ಲ. ಆರ್.ಕೆ. ನಾರಾಯಣ್ 1930ರಲ್ಲಿ ಮನಸ್ಸಿನಲ್ಲೇ ಒಂದು ಪುಟ್ಟ ರೈಲು ನಿಲ್ದಾಣ ಕಂಡು, ಅದರ ಸುತ್ತ ಕಟ್ಟಿದ ಊರು ಮಾಲ್ಗುಡಿ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು 1935ರಲ್ಲಿ. ಮಲ್ಲೇಶ್ವರ, ಬಸವನಗುಡಿ ಸೇರಿ ಮಾಲ್ಗುಡಿಯಾಯಿತು ಎಂಬುದು ಅಭಿಮಾನಿಗಳ ಊಹೆ. ಇನ್ನು ಆಗುಂಬೆಯಲ್ಲೋ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಈ ಮಳೆಯಲ್ಲಿ ಸ್ವಾಮಿ, ರಾಜಂ ಕ್ರಿಕೆಟ್ ಆಡುವುದುಂಟೆ? ಊರಿಗೆ ರೈಲೂ ಇಲ್ಲ. ಧಾರಾವಾಹಿಯ ನಿಲ್ದಾಣ ಹೊಸನಗರ ತಾಲ್ಲೂಕಿನ ಅರಸಾಳು, ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿದೆ.

ಹಾಗಾದರೆ ನಿಜವಾದ ಮಾಲ್ಗುಡಿ ಯಾವುದು? 1965ರ ‘ಗೈಡ್’ ಚಿತ್ರ ತಮ್ಮ ಊರನ್ನು ರಾಜಸ್ಥಾನಕ್ಕೆ ಸಾಗಿಸಿದಾಗ ನಾರಾಯಣ್ ಮುನಿದು ಪ್ರಬಂಧವನ್ನೇ ಬರೆದರು. ನನಗೆ ಮಾತ್ರ ಉತ್ತರ ಸಿಕ್ಕಿದ್ದು ಮಲೆನಾಡಿನ ತಾಳಮದ್ದಳೆಯಲ್ಲಿ. ಅಲ್ಲಿ ಭಾಗವತರು ಹಾಡುವ ಪ್ರಸಂಗದ ಪದ್ಯ ಕವಿಯದು. ಅರ್ಥ ಹೇಳುವ ಮಾತು ಅರ್ಥಧಾರಿಯದು. ರಾತ್ರಿಯಿಂದ ರಾತ್ರಿಗೆ ಮಾತು ಬದಲಾಗುತ್ತದೆ, ಕರ್ಣನೂ ಸ್ವಲ್ಪ ಬದಲಾಗುತ್ತಾನೆ. ಆದರೆ ಯಾವುದು ಪದ್ಯ, ಯಾವುದು ಅರ್ಥ ಎಂಬ ಗೊಂದಲ ಕೇಳುವವರಲ್ಲಿ ಯಾರಿಗೂ ಇಲ್ಲ. ಶಂಕರ್‌ನಾಗ್ ಒಳ್ಳೆಯ ಅರ್ಥಧಾರಿ.

ಅರಸಾಳಿನ ಹಳೆಯ ನಿಲ್ದಾಣ ಈಗ ಮಾಲ್ಗುಡಿ ಮ್ಯೂಸಿಯಂ. ಅಲ್ಲಿ ಕುಳಿತು ಮಗಳು ನೋಟ್‌ಬುಕ್ ತೆಗೆದಳು. ಕಾದಂಬರಿಯ ಕೊನೆಯಲ್ಲಿ ರಾಜಂನ ರೈಲು ಹೊರಟುಹೋಗುತ್ತದೆ. ಅವನು ಕಾಗದ ಬರೆಯುತ್ತಾನೆ ಎಂದು ಮಣಿ ಹೇಳುತ್ತಾನೆ. ನಿಜವೋ ಸಮಾಧಾನದ ಮಾತೋ ಎಂದು ಸ್ವಾಮಿಗೆ ಮಣಿಯ ಮುಖ ನೋಡಿಯೂ ತಿಳಿಯುವುದಿಲ್ಲ. ಮಗಳು ಬರೆಯಹೊರಟದ್ದು ಆ ಕಾಗದವನ್ನೇ. ಫ್ಯಾನ್ ಫಿಕ್ಷನ್ ಅಂತೆ.

“ನಾರಾಯಣ್ ಬೇಕೆಂದೇ ಬಿಟ್ಟ ಜಾಗವಮ್ಮ ಅದು” ಎಂದೆ. ಇಡೀ ಪುಸ್ತಕ ನಿಂತಿರುವುದೇ ಆ ಬಾರದ ಕಾಗದದ ಮೇಲೆ ಎಂದು ಈಗಲೂ ನನ್ನ ವಾದ.

“ಅವರ ಪುಸ್ತಕದಲ್ಲಿ ಎಲ್ಲಿ ಬರೀತಿದ್ದೀನಿ? ನನ್ನ ನೋಟ್‌ಬುಕ್ಕಲ್ಲಿ ತಾನೆ!” ಎಂದಳು. ಹೋದ ವರ್ಷ ಅವಳ ಗೆಳತಿಯೊಬ್ಬಳು, ತಂದೆಗೆ ವರ್ಗವಾಗಿ, ಊರು ಬಿಟ್ಟಿದ್ದು ನೆನಪಾಯಿತು. ನಾನು ಸುಮ್ಮನಾದೆ.

ತಾಳಗುಪ್ಪದ ರೈಲು ಬರುವ ಹೊತ್ತಿಗೆ ನಾಲ್ಕು ಪುಟ ಮುಗಿದಿತ್ತು. ಮೊದಲ ಪುಟದ ನೆತ್ತಿಯಲ್ಲಿ ಕೆಂಪು ಶಾಯಿಯಲ್ಲಿತ್ತು: ‘ಇದು ನಾರಾಯಣ್ ಬರೆದದ್ದಲ್ಲ.’